ಬಾಗಿಲಿಗೆ ಬರುವವರು

ನಾನು ನಾಣ್ಯ ಹಾಕಿ ಆಡುವ ಒಂದು ವಿಡಿಯೋ ಗೇಮ್ ಯಂತ್ರ. ಮದ್ರಾಸಿನ ಒಂದು ವರ್ಕ್‌ಶಾಪಿನಲ್ಲಿ ತಂಗರಾಜ್ ಎಂಬವನು ನನ್ನನ್ನು ಜೋಡಿಸಿದ. ಕಪ್ಪು ಪರದೆಯ ಮೇಲೆ ಬಿಳಿ ಗೆರೆಗಳ ಒಂದು ಮನೆ, ಅದರ ತುಂಬ ಬಾಗಿಲುಗಳು. ಎಲ್ಲಿಂದಲೋ ಹೆಜ್ಜೆ ಸಪ್ಪಳ ಕೇಳುತ್ತದೆ. ಅದು ಯಾವ ಬಾಗಿಲಿಗೆ ಬರುತ್ತಿದೆಯೆಂದು ಕಿವಿಗೊಟ್ಟು ತಿಳಿದು, ಮುಟ್ಟುವ ಮೊದಲೇ ಮುಚ್ಚಬೇಕು. ಆಟ ಇಷ್ಟೇ. ಬರುವವರ ಚಿತ್ರ ಬರೆಯಲು ನನ್ನೊಳಗೆ ಜಾಗವಿರಲಿಲ್ಲ.

"ಕಾಣದಿದ್ದರೇ ಒಳ್ಳೆಯದು," ಎಂದಿದ್ದ ತಂಗರಾಜ್. "ಉಳಿದದ್ದನ್ನು ಆಡುವವರೇ ನೋಡಿಕೊಳ್ಳುತ್ತಾರೆ."

ಹೊಸಪೇಟೆಯ ಕೋಟ್ರೇಶಪ್ಪ ನನ್ನನ್ನು ಕೊಂಡು, ಟಾಕೀಸಿನ ಪಕ್ಕದ ತನ್ನ ಗೇಮ್ ಅಂಗಡಿಯಲ್ಲಿ ನಿಲ್ಲಿಸಿದ. ಆಡಿದವರು ಬೆವರುತ್ತ ಹೊರಬೀಳುತ್ತಿದ್ದರು. ಪರದೆಯ ಮೇಲೆ ಏನೂ ಬಂದಿರುತ್ತಿರಲಿಲ್ಲ. ಆದರೂ ಒಬ್ಬ ಕರಿನಾಯಿ ಕಂಡೆನೆಂದ, ಇನ್ನೊಬ್ಬ ಸತ್ತ ಸೋದರಮಾವನನ್ನು ಕಂಡೆನೆಂದ.

ಆ ವರ್ಷ ಕೋಟ್ರೇಶಪ್ಪನ ಮಗಳು ಸುಮಾ ಕಾಲುವೆಗೆ ಬಿದ್ದು ಕೊಚ್ಚಿಹೋದಳು. ದೇಹ ಸಿಗಲಿಲ್ಲ. ಕೆಲವು ತಿಂಗಳ ಮೇಲೆ, ಬುತ್ತಿ ತಂದ ಅವನ ಹೆಂಡತಿ ಹುಲಿಗೆಮ್ಮ ನನ್ನ ಮುಂದೆ ನಿಂತಳು. ಹೆಜ್ಜೆ ಕೇಳಿತು. ಆಕೆ ಬಾಗಿಲು ಮುಚ್ಚಲಿಲ್ಲ. ಮುಚ್ಚಿದ್ದನ್ನೂ ಒಂದೊಂದಾಗಿ ತೆರೆದಳು.

"ಮುಚ್ಚಬೇಕು ಅದನ್ನ," ಎಂದ ಗಂಡ.

"ಯಾಕ ಮುಚ್ಚಲಿ? ಬರ್ಲಿ ಬಿಡ್ರಿ."

ಆಮೇಲೆ ದಿನಾ ಬರತೊಡಗಿದಳು. ಕೋಟ್ರೇಶಪ್ಪನಿಗೆ ಹೆದರಿಕೆಯಾಯಿತು. ಗಿರಾಕಿಗಳೂ ಬಣ್ಣದ ಆಟ ಕೇಳುತ್ತಿದ್ದರು. ತಂಗರಾಜನಿಂದಲೇ ಹೊಸ ಸರ್ಕ್ಯೂಟ್ ಬೋರ್ಡ್ ತರಿಸಿ ನನ್ನೊಳಗೆ ಹಾಕಿಸಿದ. ಗೆರೆಗಳ ಮನೆಗೆ ಈಗ ಗೋಡೆ, ಕಿಟಕಿ, ದೀಪ ಬಂದವು. ಬಾಗಿಲಿಗೆ ಬರುವ ಆಕೃತಿಗೆ ಕೆಂಪು ಕಣ್ಣು, ಕೋರೆಹಲ್ಲು ಬಂದವು. ಜನ ಮುಗಿಬಿದ್ದರು, ನಕ್ಕರು, ಬೇಗನೆ ಬೇಸತ್ತರು.

ಹುಲಿಗೆಮ್ಮ ಅದನ್ನು ಆಡಿದ್ದು ಒಮ್ಮೆ ಮಾತ್ರ. ಬಾಗಿಲು ತೆರೆದಾಗ ಆ ಮುಖ ಬಂತು. ಆಕೆ ಬಹಳ ಹೊತ್ತು ಅದನ್ನೇ ನೋಡಿದಳು.

"ಆಕಿನ್ನ ಎಲ್ಲಿಗೆ ಕಳಿಸಿದ್ರಿ?" ಎಂದು ಗಂಡನನ್ನು ಕೇಳಿದಳು.

ಆಕೆ ಅಂಗಡಿಯತ್ತ ಮತ್ತೆ ಸುಳಿಯಲಿಲ್ಲ. ಮನೆಯಲ್ಲೂ ಸರಿಯಾಗಿ ಉಣ್ಣಲಿಲ್ಲ. ಕಡೆಗೆ ಕೋಟ್ರೇಶಪ್ಪ ಹಳೆಯ ಬೋರ್ಡನ್ನೇ ಕೂಡಿಸಿ ನನ್ನನ್ನು ಮನೆಗೆ ತಂದ.

ಈಗ ಅಂಗಡಿಯಿಲ್ಲ. ಪಡಸಾಲೆಯ ಮೂಲೆಯಲ್ಲಿ ನಿಂತು ನನಗೂ ವಯಸ್ಸಾಗಿದೆ. ಪರದೆ ಎಷ್ಟು ಮಂಕಾಗಿದೆಯೆಂದರೆ ಗೆರೆಗಳೇ ಕಾಣುವುದಿಲ್ಲ. ಆದರೂ ಹುಲಿಗೆಮ್ಮ ಊಟಕ್ಕೆ ಮುಂಚೆ ಆಡುತ್ತಾಳೆ.

ಮೊನ್ನೆ ಮೊದಲ ಸಲ ಕೋಟ್ರೇಶಪ್ಪನೂ ಪಕ್ಕದಲ್ಲಿ ಕೂತ. ಕೊನೆಯ ಬಾಗಿಲನ್ನು ತಾನೇ ತೆರೆದ. ಹೆಜ್ಜೆ ಹೊಸ್ತಿಲಿಗೆ ಬಂದು ನಿಂತಿತು. ನನ್ನಲ್ಲಿರುವ ಸದ್ದು ಅಲ್ಲಿಗೆ ಮುಗಿಯುತ್ತದೆ. ಆದರೆ ಇನ್ನೊಂದು ಹೆಜ್ಜೆ ಕೇಳಿಸಿತು, ಒದ್ದೆ ಕಾಲಿನದು. ಅದು ನನ್ನ ಸ್ಪೀಕರಿನಿಂದ ಬಂದದ್ದಲ್ಲ.

ಇಬ್ಬರೂ ಹಿಂತಿರುಗಿ ನೋಡಲಿಲ್ಲ.

"ಆಕಿಗೂ ಒಂದು ತಾಟು ಇಡು," ಎಂದ ಕೋಟ್ರೇಶಪ್ಪ, ಮೆಲ್ಲಗೆ.