ಮಂತ್ರಿಗೆ ತೋರಿಸಬೇಕಿದ್ದ ಗೋಡೆ

ಡಿಂಪ್ನಾ ಗೆರಟಿಗೆ ಕೊಳೆ ಎಂದರೆ ಆಗಿಬರುವುದಿಲ್ಲ. ಅದು ಅವಳ ಮನೆಯದೇ ಆಗಿರಬೇಕೆಂದೇನಿಲ್ಲ. ನಮ್ಮ ಕ್ಲೂನ್‌ಶೀಲ್ ಊರಿನ ಚರ್ಚು, ಸಭಾಭವನ, ಬಸ್ಸು ನಿಲ್ಲುವಲ್ಲಿನ ಬೆಂಚು, ಎಲ್ಲದರ ಮೇಲೂ ಅವಳ ಒರೆಸುವ ಬಟ್ಟೆ ಆಡಿದೆ. ಗಂಡ ತೀರಿಕೊಂಡ ದಿನ ಕೊನೆಯ ಸಲ ಮುಖ ನೋಡಲು ಬಂದವರಿಗೂ ಬಾಗಿಲಲ್ಲೇ ನಿಂತು, ಅಳುತ್ತಲೇ, ಕಾಲೊರೆಸಿಕೊಂಡು ಬನ್ನಿ ಅಂದವಳು ಅವಳು. ಊರಿನ ಪ್ರತಿಯೊಂದು ಬೀಗದ ಕೀಲಿ ಅವಳ ಏಪ್ರನ್ ಜೇಬಿನಲ್ಲಿದೆ. ಯಾರು ಕೊಟ್ಟರೆಂದು ಯಾರಿಗೂ ಗೊತ್ತಿಲ್ಲ, ಕೇಳುವ ಧೈರ್ಯವೂ ಯಾರಿಗಿಲ್ಲ.

ನಾನು ನೊಯ್ಲೀನ್. ಶಾಲೆಯಲ್ಲಿ ಡಿಂಪ್ನಾಳಿಗಿಂತ ಒಂದು ತರಗತಿ ಹಿಂದಿದ್ದೆ, ಈಗ ಅದೇ ಶಾಲೆಯ ಆಫೀಸಿನಲ್ಲಿ ಕೂತಿದ್ದೇನೆ. ಶಾಲೆ ಅಂದರೆ ಒಂದು ಹಳೇ ಕಲ್ಲುಕಟ್ಟಡ, ಅದರ ಹಿಂದೆ ಒಂದು ಪ್ರಿಫ್ಯಾಬ್. ಲಾರಿಯ ಮೇಲೆ ಬಂದಿಳಿದ ಹಲಗೆಯ ಕೊಠಡಿ ಅದು. ತಾತ್ಕಾಲಿಕ ಅಂತ ತಂದಿಟ್ಟರು. ಅಲ್ಲಿ ಮೊದಲು ಕೂತು ಓದಿದ ಹುಡುಗರು ಈಗ ಬೋಳುತಲೆಯಾಗಿ ತಮ್ಮ ಮಕ್ಕಳನ್ನು ಅಲ್ಲೇ ಬಿಟ್ಟು ಹೋಗುತ್ತಾರೆ. ಸೂರು ಸೋರುತ್ತದೆ, ನೆಲ ಕುಸಿಯುತ್ತದೆ, ಉತ್ತರದ ಗೋಡೆಗೆ ಕಪ್ಪು ಬೂಷ್ಟು ಹಿಡಿದು ಮಕ್ಕಳು ಚಳಿಗಾಲವಿಡೀ ಕೆಮ್ಮುತ್ತಾರೆ.

ಅದೂ ಹೇಗೋ ನಡೆಯುತ್ತಿತ್ತು. ನಡೆಯದೆ ಹೋದದ್ದು ಪುಟ್ಟ ಓರನ್‌ನ ವಿಷಯ. ಅವನ ಮನೆ ಶಾಲೆಯ ಎದುರಿಗೇ, ಅವರ ಅಡುಗೆಮನೆ ಕಿಟಕಿಯಿಂದ ಮೈದಾನದ ಮಕ್ಕಳನ್ನು ಎಣಿಸಬಹುದು. ಆದರೆ ಓರನ್‌ಗೆ ಆಟಿಸಂ. ಮಾತು ಕಡಿಮೆ, ಗದ್ದಲ ತಡೆಯುವುದಿಲ್ಲ, ಅವನಂಥ ಮಕ್ಕಳಿಗೆ ಬೇರೆ ತರಗತಿ, ಬೇರೆ ಟೀಚರು ಬೇಕು. ತರಗತಿಗೆ ಕೊಠಡಿ ಬೇಕು. ನಮ್ಮಲ್ಲಿ ಕೊಠಡಿ ಎಲ್ಲಿದೆ? ಹಾಗಾಗಿ ಆರು ವರ್ಷದ ಮಗು ದಿನಾ ಬೆಳಗ್ಗೆ ಸರ್ಕಾರದ ಟ್ಯಾಕ್ಸಿ ಹತ್ತಿ ಗಂಟೆಗೂ ಮಿಕ್ಕಿ ದೂರದ ಪಟ್ಟಣಕ್ಕೆ ಹೋಗುತ್ತಿತ್ತು. ಸಂಜೆ ಅವನ ತಾಯಿ ಗ್ರಾನ್ಯ, ನಿದ್ದೆಹೋದ ಮಗನನ್ನು ಟ್ಯಾಕ್ಸಿಯಿಂದ ಎತ್ತಿ ಹೆಗಲ ಮೇಲೆ ಹಾಕಿಕೊಂಡು ಒಳಗೆ ಹೋಗುವಾಗ ನಾನು ಆಫೀಸಿನ ಪರದೆ ಎಳೆದುಬಿಡುತ್ತಿದ್ದೆ. ನೋಡಲಾಗುತ್ತಿರಲಿಲ್ಲ.

ಪ್ರಿಫ್ಯಾಬ್ ಕೆಡವಿ ಎರಡು ಕೊಠಡಿ ಕಟ್ಟಿಕೊಡಿ, ಒಂದು ಓರನ್‌ನಂಥವರಿಗೆ ಎಂದು ನಾವು ಸರ್ಕಾರವನ್ನು ಕೇಳಿಕೊಂಡಿದ್ದೆವು. ನಮ್ಮ ಸಂಸದ ಮ್ಯಾಲಕಿ ಇದನ್ನು ಮೈಮೇಲೆ ಹಾಕಿಕೊಂಡ. ಮ್ಯಾಲಕಿ ಒಳ್ಳೆಯವನು. ಕ್ಷೇತ್ರದಲ್ಲಿ ಯಾರೇ ಸತ್ತರೂ ಪಾದ್ರಿಗಿಂತ ಮೊದಲು ಹಾಜರು. ಅವನ ಕಾಟಕ್ಕೆ ಸೋತು ಶಿಕ್ಷಣದ ರಾಜ್ಯಮಂತ್ರಿ ಶುಕ್ರವಾರ ಬಂದು ಕಣ್ಣಾರೆ ನೋಡುತ್ತೇನೆ, ಬುಧವಾರ ಸಂಸತ್ತಿನಲ್ಲಿ ಉತ್ತರ ಕೊಡುತ್ತೇನೆ ಎಂದರು.

ಹೆಡ್‌ಮಾಸ್ಟರ್ ಫಿನ್ಬರ್ ಕಾನ್ಲನ್ ಊರಿನವರನ್ನೆಲ್ಲ ಕೂರಿಸಿ ಎಚ್ಚರಿಸಿದರು.

“ಯಾರೂ ಏನನ್ನೂ ಮುಟ್ಟಕೂಡದು. ಸೋರೋ ಕಡೆ ಬಕೆಟ್ ಹಾಗೇ ಇರ್ಲಿ. ಬೂಷ್ಟು ಹಾಗೇ ಇರ್ಲಿ. ಅವತ್ತು ಹೀಟರ್ ಕೂಡ ಹಚ್ಚೋದು ಬೇಡ. ಮಂತ್ರಿಗಳು ಒಂದ್ಸಲ ಕೆಮ್ಮಲಿ.”

“ಕಿಟಕಿ ಗಾಜಾದ್ರೂ ಒರೆಸ್ತೀನಿ ಮಾಸ್ಟರ್,” ಅಂದಳು ಡಿಂಪ್ನಾ.

“ಬೇಡ.”

“ಹೊರಗಡೆ ಒಂದೇ ಒಂದ್ಸಲ?”

“ಡಿಂಪ್ನಾ ಅವರೇ, ದಯವಿಟ್ಟು!”

ಅವಳು ಬಾಯಿ ಮುಚ್ಚಿದಳು. ಡಿಂಪ್ನಾ ಬಾಯಿ ಮುಚ್ಚಿದರೆ ಕೈ ಶುರುವಾಯಿತೆಂದೇ ಅರ್ಥ, ಇದು ಊರಿಗೆಲ್ಲ ಗೊತ್ತು, ಪಾಪ ಮಾಸ್ಟರು ಮಾತ್ರ ಬೇರೆ ಜಿಲ್ಲೆಯವರು.

ಶುಕ್ರವಾರ ಬೆಳಗ್ಗೆ ನಾನು ಪ್ರಿಫ್ಯಾಬ್ ಬಾಗಿಲು ತೆರೆದು ಅಲ್ಲೇ ನಿಂತುಬಿಟ್ಟೆ. ಬೇರೆ ಯಾರದೋ ಮನೆಗೆ ನುಗ್ಗಿದೆನೇನೋ ಅನ್ನಿಸಿತು. ಬಕೆಟ್ ಮಾಯ. ಕುಸಿದ ನೆಲದ ಮೇಲೆ ಡಿಂಪ್ನಾಳ ಮುಂಗೋಣೆಯ ರತ್ನಗಂಬಳಿ. ಗೋಡೆಗೆ ತಿಳಿಹಳದಿ ಬಣ್ಣ, ಇನ್ನೂ ಹಸಿ. ಬಣ್ಣಕ್ಕೂ ಬಗ್ಗದ ಬೂಷ್ಟಿನ ಮೇಲೆ ನೆಲ ಮುಟ್ಟುವ ಹೂವಿನ ಪರದೆ. ಅಲ್ಲಿ ಕಿಟಕಿಯೇ ಇರಲಿಲ್ಲ! ಹೀಟರ್ ಭಗಭಗ ಉರಿಯುತ್ತಿತ್ತು, ಮೂಲೆಯಲ್ಲಿ ಆಗತಾನೇ ಒಲೆಯಿಂದ ತೆಗೆದ, ಸೇಬಿನ ಹೂರಣದ ಟಾರ್ಟ್ ಘಮಘಮ ಅನ್ನುತ್ತಿತ್ತು. ಡಿಂಪ್ನಾ ಮತ್ತು ಅವಳ ಹಿಂಡಿನ ಹೆಂಗಸರು ಸಾಲಾಗಿ ನಿಂತು ನನ್ನನ್ನು ನೋಡಿ ಹಲ್ಲು ಕಿರಿದರು.

“ಏನ್ ಮಾಡಿದ್ಯೇ ಮಾರಾಯ್ತಿ!”

“ಮಂತ್ರಿ ಬರ್ತಿದಾರೆ ನೊಯ್ಲೀನ್. ಕೊಳಕು ಜನ ಅಂದ್ಕೊಳಲ್ವಾ?”

“ಅಂದ್ಕೊಳ್ಳಲಿ ಅಂತಾನೇ ಕರೆದಿರೋದು ಕಣೇ!”

“ಹಾಗೆಲ್ಲಾ ಮಾತಾಡ್ಬೇಡ,” ಅಂದಳು, ನಾನು ದೇವರನ್ನು ಬೈದೆನೇನೋ ಅನ್ನುವಂತೆ.

ಇನ್ನು ಮಳೆಯನ್ನಾದರೂ ನಂಬೋಣ ಎಂದರೆ, ತಿಂಗಳಿಡೀ ಸುರಿದ ಆಕಾಶ ಅವತ್ತು ಮದುವಣಗಿತ್ತಿಯ ಹಾಗೆ ನಗುತ್ತಾ ನಿಂತಿತ್ತು. ಮ್ಯಾಲಕಿಯ ಜೊತೆ ಮಂತ್ರಿಗಳು ಬಂದರು. ಹೀಟರ್ ಪಕ್ಕದ ಕುರ್ಚಿಯಲ್ಲಿ ಆರಾಮಾಗಿ ಕೂತು ಎರಡು ತುಂಡು ಟಾರ್ಟ್ ಮುಗಿಸಿ, ಅಜ್ಜಿ ಮನೆ ನೆನಪಾಯಿತು ಎಂದರು. ಮಾಸ್ಟರು ಹೇಗಾದರೂ ಗೋಡೆ ತೋರಿಸಬೇಕೆಂದು ಪರದೆಯ ಕಡೆ ಹೊರಟರೆ, ಅದಕ್ಕೆ ಬೆನ್ನು ಕೊಟ್ಟು ಡಿಂಪ್ನಾ ನಿಂತಿದ್ದಾಳೆ.

“ಸ್ವಲ್ಪ ಈ ಕಡೆ ಬನ್ನಿ.”

“ಇಲ್ಲೇ ಚೆನ್ನಾಗಿದೀನಿ ಮಾಸ್ಟರ್.”

“ಮಂತ್ರಿಗಳು ಗೋಡೆ ನೋಡ್ಬೇಕಂತೆ.”

“ಗೋಡೆಯಲ್ಲಿ ನೋಡೋದೇನಿದೆ? ಅವರಿಗೆ ಇನ್ನೊಂದ್ ಕಪ್ ಟೀ ಕೊಡಿ.”

ಮಾಸ್ಟರು ಕೆಂಪಾದರು, ಮ್ಯಾಲಕಿ ಸೂರು ನೋಡಿದ, ಮಂತ್ರಿಗಳು ಟೀ ಕುಡಿದು ಎಲ್ಲರ ಕೈ ಕುಲುಕಿ ಹೊರಟುಹೋದರು. ಕಾರು ತಿರುವು ದಾಟುವವರೆಗೂ ಡಿಂಪ್ನಾ ಕೈ ಬೀಸುತ್ತಲೇ ಇದ್ದಳು.

ಬುಧವಾರ ಮಧ್ಯಾಹ್ನ ನಾವೆಲ್ಲ ಟೀಚರ್‌ಗಳ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಸೇರಿದೆವು. ಸಂಸತ್ತು ಎಂದರೆ ಗಿಜಿಗುಡುತ್ತಿರುತ್ತದೆ ಅಂದುಕೊಂಡವರಿಗೆ ಪೆಚ್ಚಾಯಿತು. ಖಾಲಿ ಕುರ್ಚಿಗಳ ನಡುವೆ ಮ್ಯಾಲಕಿ, ಎದುರಿಗೆ ಮಂತ್ರಿ, ಮೇಲೆ ಸಭಾಧ್ಯಕ್ಷರು, ಮೂಲೆಯಲ್ಲಿ ಯಾರೋ ಒಬ್ಬ ಆಕಳಿಸುತ್ತಿದ್ದ.

“ಇದ್ಯಾಕೆ ಯಾರೂ ಬಂದಿಲ್ಲ?” ಅಂದಳು ಡಿಂಪ್ನಾ.

“ಯಾರೂ ಸತ್ತಿಲ್ವಲ್ಲ, ಅದಕ್ಕೆ,” ಅಂದೆ.

ಮ್ಯಾಲಕಿ ಚೆನ್ನಾಗಿಯೇ ಮಾತಾಡಿದ. ಓರನ್‌ನ ಹೆಸರು ಹೇಳದೆ ಅವನ ವಿಷಯ ಹೇಳಿದ. ಮನೆ ಎದುರಿಗೇ ಶಾಲೆಯಿದ್ದೂ ಮಗು ಟ್ಯಾಕ್ಸಿಯಲ್ಲಿ ಪಟ್ಟಣಕ್ಕೆ ಹೋಗಬೇಕೇ ಎಂದು ಕೇಳಿದ. ಹಿಂದೆ ಬಾಗಿಲ ಬಳಿ ನಿಂತಿದ್ದ ಗ್ರಾನ್ಯ ತುಟಿ ಕಚ್ಚಿಕೊಂಡಳು. ಆಮೇಲೆ ಮಂತ್ರಿಗಳು ಎದ್ದು, ಇಲಾಖೆ ಬರೆದುಕೊಟ್ಟ ಕಾಗದ ಹಿಡಿದುಕೊಂಡು ಓದಲು ಶುರುಮಾಡಿದರು.

“ಕಳೆದ ಶುಕ್ರವಾರ ನಾನೇ ಖುದ್ದಾಗಿ ಈ ಶಾಲೆಗೆ ಭೇಟಿ ನೀಡಿದ್ದೆ. ಕೊಠಡಿ ಬೆಚ್ಚಗಿದೆ, ಚೊಕ್ಕಟವಾಗಿದೆ, ಅತ್ಯಂತ ಮುತುವರ್ಜಿಯಿಂದ ನಿರ್ವಹಿಸಲ್ಪಟ್ಟಿದೆ.” ಇಲ್ಲಿ ತಲೆಯೆತ್ತಿ, “ಮಿಸೆಸ್ ಗೆರಟಿಯವರ ಸೇಬಿನ ಟಾರ್ಟ್ ಬಗ್ಗೆಯೂ ಈ ಸದನದಲ್ಲಿ ದಾಖಲಾಗಬೇಕು,” ಎಂದು ನಕ್ಕರು.

ನಮ್ಮ ಕೋಣೆಯಲ್ಲಿ ಚಪ್ಪಾಳೆಯೋ ಚಪ್ಪಾಳೆ. ಹೆಂಗಸರು ಡಿಂಪ್ನಾಳ ಬೆನ್ನು ತಟ್ಟಿದರು. ಅವಳ ಕಣ್ಣಲ್ಲಿ ನೀರು. ದೇಶದ ಸಂಸತ್ತಿನಲ್ಲಿ ಅವಳ ಟಾರ್ಟ್! ಆ ಗದ್ದಲದಲ್ಲಿ ಮುಂದಿನ ವಾಕ್ಯ ಅರ್ಧ ಮಾತ್ರ ಕೇಳಿಸಿತು, ಅಷ್ಟೇ ಸಾಕಾಗಿತ್ತು.

“...ಆದ್ದರಿಂದ ಹೊಸ ಕಟ್ಟಡದ ಅಗತ್ಯ ಸದ್ಯಕ್ಕೆ ಕಂಡುಬಂದಿಲ್ಲ.”

ಚಪ್ಪಾಳೆ ಅಲ್ಲೇ ಸತ್ತಿತು. ಯಾರಿಗೂ ಹಿಂತಿರುಗಿ ನೋಡುವ ಮುಖವಿರಲಿಲ್ಲ. ಗ್ರಾನ್ಯ ಬೈಯಲಿಲ್ಲ, ಅಳಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಪರವಾಗಿಲ್ಲ ಡಿಂಪ್ನಾ ಅವರೇ. ಟಾರ್ಟ್ ಚೆನ್ನಾಗಿತ್ತು ಅಂದ್ರಲ್ಲ,” ಅಂದಳು. “ಟ್ಯಾಕ್ಸಿ ಬರೋ ಹೊತ್ತಾಯ್ತು, ಹೋಗ್ತೀನಿ.”

ಬಾಗಿಲು ಮೆಲ್ಲಗೆ ಮುಚ್ಚಿತು. ಡಿಂಪ್ನಾ ಮಡಿಲಲ್ಲಿದ್ದ ತನ್ನ ಕೈಗಳನ್ನೇ ನೋಡುತ್ತಾ ಕೂತಳು. ನನಗೆ ಅವಳ ಮೇಲೆ ಉರಿದು ಬೀಳುವಷ್ಟು ಸಿಟ್ಟಿತ್ತು. ಆ ಮುಖ ನೋಡಿ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

“ನೊಯ್ಲೀನ್, ಮ್ಯಾಲಕಿ ಮತ್ತೆ ಮಾತಾಡ್ತಾನಾ?”

“ಎರಡು ನಿಮಿಷ ಕೊಡ್ತಾರೆ.”

“ಅವನ ಫೋನಿಗೆ ಮೆಸೇಜ್ ಹಾಕು. ನಾನ್ ಹೇಳ್ದಂಗೇ ಹಾಕು, ಒಂದ್ ಪದಾನೂ ತಿದ್ಬೇಡ.”

ಅವಳು ಹೇಳಿದಳು, ನಾನು ಒತ್ತಿದೆ. ಕಂಪ್ಯೂಟರಿನ ಪರದೆಯ ಮೇಲೆ ಮ್ಯಾಲಕಿ ಸೋತ ಮುಖ ಮಾಡಿಕೊಂಡು ಎದ್ದ, ಮೇಜಿನ ಮೇಲಿನ ಫೋನ್ ಬೆಳಗಿದ್ದು ಕಂಡು ಬಗ್ಗಿ ನೋಡಿದ. ಎರಡು ಸಲ ಓದಿಕೊಂಡ. ಆಮೇಲೆ ಗಂಟಲು ಸರಿಮಾಡಿಕೊಂಡ.

“ಸಭಾಧ್ಯಕ್ಷರೇ, ಮಿಸೆಸ್ ಗೆರಟಿಯವರು ಈ ಮಾತುಗಳೂ ದಾಖಲಾಗಬೇಕು ಅಂತಿದಾರೆ. ಅವರು ಬರೆದಿರೋದು ಇಷ್ಟು. ಮಂತ್ರಿಗಳೇ, ನೀವು ನೋಡಿದ್ದು ಶಾಲೆಯಲ್ಲ, ನಾನು ಮಾಡಿದ ಮೋಸ. ಪರದೆ ಹಿಂದೆ ಕಿಟಕಿ ಇಲ್ಲ, ಬೂಷ್ಟಿದೆ. ಕಂಬಳಿ ಕೆಳಗೆ ನೆಲ ಕೊಳೆತು ನನ್ನ ಮುಷ್ಟಿ ಹೋಗೋಷ್ಟು ತೂತಿದೆ. ನೀವು ಕೂತ ಕುರ್ಚಿ ಇದ್ದಲ್ಲಿ ದಿನಾ ಬಕೆಟ್ ಇರುತ್ತೆ. ಮೇಷ್ಟ್ರು ಬೇಡ ಅಂದಿದ್ರು, ನಾನೇ ಕೇಳ್ಲಿಲ್ಲ. ನಮ್ಮ ಕೊಳಕು ನಿಮಗೆ ಕಾಣಬಾರದು ಅನ್ನೋದು ನನಗೆ ಮುಖ್ಯ ಆಯ್ತು, ಆ ಮಗು ಮರೆತೇ ಹೋಯ್ತು. ಈಗ ಇಡೀ ದೇಶಕ್ಕೆ ನಮ್ಮ ಕೊಳಕು ಗೊತ್ತಾಗ್ಲಿ. ಅವನನ್ನು ಆ ಟ್ಯಾಕ್ಸಿಯಿಂದ ಇಳಿಸಿ.”

ಮೂಲೆಯಲ್ಲಿ ಆಕಳಿಸುತ್ತಿದ್ದವನು ನೆಟ್ಟಗೆ ಕೂತ. ಮಂತ್ರಿಗಳು ಎದ್ದರು, ಕಾಗದದ ಎರಡನೇ ಹಾಳೆ ತೆಗೆದರು, ಅದನ್ನು ನೋಡಿ ಮತ್ತೆ ಮೇಜಿನ ಮೇಲಿಟ್ಟರು. ಬರೆದುಕೊಟ್ಟದ್ದರಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಇಲಾಖೆಯ ಎಂಜಿನಿಯರನ್ನು ಕಳಿಸುತ್ತೇನೆ, ದಯವಿಟ್ಟು ಯಾರೂ ಏನೂ ಒರೆಸಬೇಡಿ ಎಂದರು. ಆ ಮಾತಿಗೆ ನಮ್ಮಲ್ಲಿ ಯಾರೂ ನಗಲಿಲ್ಲ. ಡಿಂಪ್ನಾ ಕೋಟು ಹಾಕಿಕೊಂಡು ಮನೆಗೆ ನಡೆದಳು. ಆ ಭಾನುವಾರ ಚರ್ಚಿನಲ್ಲಿ ಕೊನೆಯ ಸಾಲಿನಲ್ಲಿ ಕೂತಿದ್ದಳು, ತಲೆ ಎತ್ತಲಿಲ್ಲ.

ಎಂಜಿನಿಯರು ಬಂದ ದಿನ ಅವನ ಕೈ ಹಿಡಿದು ಎಳೆದುಕೊಂಡು ಹೋದವಳೂ ಅವಳೇ. ಪರದೆ ಕಿತ್ತಳು, ಕಂಬಳಿ ಎತ್ತಿದಳು, ತೂತಿಗೆ ಮುಷ್ಟಿ ಹಾಕಿ ತೋರಿಸಿದಳು. ಅವನು ಸಾಕು ಬಿಡಿ ತಾಯಿ ಅಂದರೂ ಬಿಡಲಿಲ್ಲ, ನಮಗೆ ಯಾರಿಗೂ ಕಾಣದಿದ್ದ ಇನ್ನೊಂದು ಬೂಷ್ಟನ್ನು ಬೀರುವಿನ ಹಿಂದಿನಿಂದ ಹುಡುಕಿ ತೆಗೆದಳು.

ಕೊಠಡಿ ಏಳುವುದಕ್ಕೆ ಸರ್ಕಾರ ತನ್ನ ಹೊತ್ತು ತೆಗೆದುಕೊಂಡಿತು. ಕೊನೆಗೆ ಒಂದು ಸೆಪ್ಟೆಂಬರ್ ಬೆಳಗ್ಗೆ ಓರನ್ ನಮ್ಮ ಶಾಲೆಗೆ ಬರುವ ದಿನ ಬಂತು. ಸಣ್ಣಗೆ ಮಳೆ. ಆದರೂ ಊರೆಲ್ಲ ಗೇಟಿನ ಹತ್ತಿರ. ಗ್ರಾನ್ಯ ಮಗನ ಕೈ ಹಿಡಿದು ಹೊರಗೆ ಬಂದಳು. ಅವನು ತನ್ನ ಮನೆ ಗೇಟಿನವರೆಗೆ ಬಂದು ನಿಂತುಬಿಟ್ಟ. ಶಾಲೆಗೆ ಹೋಗುವುದೆಂದರೆ ಅವನಿಗೆ ಅಲ್ಲಿ ನಿಲ್ಲುವುದು, ಟ್ಯಾಕ್ಸಿ ಬರುವುದು, ಹತ್ತುವುದು. ರಸ್ತೆಯ ಆಚೆ ಅವನ ಕೊಠಡಿ ಕಾಣುತ್ತಿತ್ತು. ತಾಯಿ ಮುದ್ದು ಮಾಡಿದಳು, ಮಾಸ್ಟರು ಕೈಚಾಚಿದರು. ಅವನು ಕಿವಿ ಮುಚ್ಚಿಕೊಂಡು ಕಿರುಚತೊಡಗಿದ. ಗ್ರಾನ್ಯ ಅಲ್ಲೇ ಒದ್ದೆ ನೆಲದ ಮೇಲೆ ಕುಕ್ಕರಿಸಿದಳು. ಇಷ್ಟೆಲ್ಲ ಆಗಿ ರಸ್ತೆ ದಾಟುವುದೊಂದು ಆಗುವುದಿಲ್ಲವೇ ಎಂದುಕೊಂಡೆ.

ಅಷ್ಟರಲ್ಲಿ ಡಿಂಪ್ನಾಳ ಕಾರು ಬಂದು ಅವನ ಮುಂದೆ ನಿಂತಿತು. ಕೆನೆಬಣ್ಣದ ಸೀಟಿನ ಕಾರು. ಮೊಮ್ಮಕ್ಕಳೂ ಶೂ ಬಿಚ್ಚಿ ಕೈಯಲ್ಲಿ ಹಿಡಿದೇ ಅದರೊಳಗೆ ಕೂರಬೇಕು. ಅವಳು ಇಳಿದು ಹಿಂದಿನ ಬಾಗಿಲು ತೆರೆದು, ಒಂದು ಮಾತೂ ಆಡದೆ ಪಕ್ಕಕ್ಕೆ ಸರಿದು ನಿಂತಳು.

ಓರನ್ ಕಿರುಚುವುದನ್ನು ನಿಲ್ಲಿಸಿ ಹತ್ತಿದ. ಕೆಸರು ಮೆತ್ತಿದ ಬೂಟುಗಳ ಸಮೇತ ಸೀಟಿನ ಮೇಲೆ ಮಂಡಿಯೂರಿ ಕಿಟಕಿಗೆ ಮೂಗು ಒತ್ತಿದ. ಕಾರು ಚರ್ಚು ಬಳಸಿ, ಸಭಾಭವನ ಬಳಸಿ, ಊರಿಗೊಂದು ಸುತ್ತು ಹಾಕಿಕೊಂಡು ಬಂದು ಶಾಲೆಯ ಗೇಟಿನಲ್ಲಿ ನಿಂತಿತು. ಅವನು ಇಳಿದು, ದಿನಾ ಬಂದು ಹೋಗುವವನ ಹಾಗೆ, ಯಾರನ್ನೂ ನೋಡದೆ ಒಳಗೆ ನಡೆದ.

ಗ್ರಾನ್ಯ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ನಾನು ಬೇರೆ ಏನು ಮಾಡಬೇಕೆಂದು ತೋಚದೆ, ಕರವಸ್ತ್ರ ತೆಗೆದು ಸೀಟಿನ ಮೇಲಿನ ಕೆಸರು ಒರೆಸಲು ಹೋದೆ. ಡಿಂಪ್ನಾ ನನ್ನ ಕೈಮೇಲೆ ಫಟ್ ಅಂತ ಹೊಡೆದಳು.

“ಬಿಡೇ ಅದನ್ನ. ನಾಳೆನೂ ಅವನೇ ಕೂರೋದು.”