ಸೌಟಪ್ಪನ ತುತ್ತು

ಚಮಚ ಮತ್ತೆ ಹಲ್ಲಿಗೆ ತಗುಲಿ ಟಣ್ ಎಂದಿತು. ಗಂಜಿ ಗಲ್ಲದಿಂದ ಇಳಿದು ದಿಂಬಿಗೆ ಸೋರಿತು.

“ಬಾಯಿ ತೆಗಿ ಅಪ್ಪಾ! ಹಠಕ್ಕೂ ಒಂದು ಮಿತಿ ಬೇಡ್ವಾ?”

ಗಂಡನ ದನಿ ಏರಿದಂತೆಲ್ಲ ಸೊಸೆ ಬಾಗಿಲಿಗೆ ಇನ್ನಷ್ಟು ಒತ್ತಿ ನಿಂತಳು. ಮಂಚದಲ್ಲಿದ್ದವರು ಅವಳ ಮಾವ. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಜೀವಮಾನವಿಡೀ ಅಡುಗೆ ಮಾಡಿದವರು. ಕೆಲಸಗಾರರಿಗೆಲ್ಲ ಅವರು ಸೌಟಪ್ಪ. ಲಕ್ವ ಹೊಡೆದು ಒಂದು ಪಕ್ಕ ಬಿದ್ದುಹೋಗಿತ್ತು, ಮಾತು ನಿಂತಿತ್ತು. ಈಗ ಊಟವೂ ನಿಂತಿದೆ. ಹೀಗೇ ಆದರೆ ನಾಳೆ ಮೂಗಿನಿಂದ ಹೊಟ್ಟೆಗೆ ನಳಿಗೆ ಹಾಕಬೇಕೆಂದು ಡಾಕ್ಟರು ಹೇಳಿದ್ದರು. ಆ ಮಾತು ಕೇಳಿ ಮಾವನ ಕಣ್ಣು ತುಂಬಿದ್ದನ್ನು ಸೊಸೆ ಕಂಡಿದ್ದಳು. ಗಂಡನಿಗೆ ಹೇಳಲು ಧೈರ್ಯ ಬಂದಿರಲಿಲ್ಲ.

ಅಷ್ಟರಲ್ಲಿ ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವ ನರ್ಸಕ್ಕ ಬಂದರು.

“ನೋಡಿ ಸಿಸ್ಟರ್, ಇನ್ನು ನಳಿಗೆನೇ ಗತಿ,” ಎಂದ ಗಂಡ.

“ಯಾಕೆ ಉಣ್ತಿಲ್ಲ ಅಂತ ಅವರನ್ನೇ ಕೇಳಿದ್ರಾ?”

“ಮಾತೇ ಬರಲ್ವಲ್ಲ! ಗೋಡೆನ ಕೇಳಿದ ಹಾಗಾಗುತ್ತೆ.”

“ಗೋಡೆ ಕಣ್ಣೀರು ಹಾಕಲ್ಲ ಅಣ್ಣ.”

ನರ್ಸಕ್ಕ ಮಾವನ ಕಣ್ಣಂಚು ಒರೆಸಿ, ಲಕ್ವ ಹೊಡೆಯದ ಕೈ ಹಿಡಿದರು. “ಯಜಮಾನ್ರೇ, ಹೌದಾದ್ರೆ ಕೈ ಒತ್ತಿ. ಇಲ್ಲಾಂದ್ರೆ ಸುಮ್ನಿರಿ. ಹಸಿವಾಗಿದೆಯಾ?”

ಬೆರಳುಗಳು ಒತ್ತಿದವು. ಗಂಡನ ಮುಖ ಬಿಳಿಚಿಕೊಂಡಿತು.

“ನುಂಗೋಕೆ ಭಯಾನಾ?”

ಈ ಸಲ ಬೆರಳು ಹಿಡಿತ ಬಿಡಲೇ ಇಲ್ಲ.

ಸೊಸೆಗೆ ತಡೆಯಲಾಗಲಿಲ್ಲ. “ಮಲಗಿಸಿ ಕುಡಿಸಿದಾಗ ಕೆಮ್ಮು ಬಂದು ಉಸಿರು ಕಟ್ಟುತ್ತೆ ಅಕ್ಕಾ.”

“ಮೊದಲೇ ಬೊಗಳಬಾರದಿತ್ತೇನೇ?”

“ನೀವು ಕೇಳಿದ್ರಾ?” ಅಂದವಳು ತನ್ನ ದನಿಗೆ ತಾನೇ ಬೆಚ್ಚಿದಳು.

“ಜಗಳ ಆಮೇಲೆ ಆಡ್ಕೊಳ್ಳಿ. ಡಾಕ್ಟರು ಮಾತ್ರೆ ನೋಡಿದ್ರು, ವ್ಯಾಯಾಮ ಮಾಡಿಸೋರು ಕೈಕಾಲು ನೋಡಿದ್ರು. ಗಂಟಲು ಯಾರ ಪಾಲಿಗೂ ಬರಲಿಲ್ಲ!”

ಹಾಗೆಂದವರೇ ನರ್ಸಕ್ಕ ಡಾಕ್ಟರಿಗೆ ಫೋನ್ ಮಾಡಿದರು. ನುಂಗುವ ತೊಂದರೆ ನೋಡುವ ಥೆರಪಿಸ್ಟರನ್ನೂ ಮಾತಿಗೆ ಸೇರಿಸಿದರು. ನಾಳೆ ಎಲ್ಲರೂ ಒಟ್ಟಿಗೆ ನೋಡಿದ ಮೇಲೆ ನಳಿಗೆಯ ತೀರ್ಮಾನ ಎಂದಾಯಿತು. ಈಗ ನರ್ಸ್ ಪಕ್ಕದಲ್ಲಿರುವಾಗಲೇ ಒಮ್ಮೆ ನೋಡೋಣ ಎಂದು ಥೆರಪಿಸ್ಟ್ ವಿಡಿಯೋದಲ್ಲಿ ಬಂದರು. “ನೆಟ್ಟಗೆ ಕೂರಿಸಿ. ಗಂಜಿ ಗಟ್ಟಿ ಮಾಡಿ. ಅರ್ಧ ಚಮಚ ಮಾತ್ರ. ಕೆಮ್ಮಿದ್ರೆ ಅಲ್ಲಿಗೇ ನಿಲ್ಲಿಸಿ.”

ಕೂರಿಸಿದರು. ಗಟ್ಟಿ ಗಂಜಿಯ ಚಮಚ ಹತ್ತಿರ ಬಂತು. ತುಟಿ ಮತ್ತೆ ಬಿಗಿಯಿತು.

“ನಾನು ಹೇಳ್ಲಿಲ್ವಾ?” ಗಂಡ ಗೋಡೆಗೆ ಒರಗಿ ಕುಸಿದ.

ಮಾವನ ಕಣ್ಣು ಮೂಲೆಯ ಮೇಜಿನ ಮೇಲಿತ್ತು. ಅಲ್ಲಿ ಬೆಳಿಗ್ಗೆ ಮುಚ್ಚಿಟ್ಟ ಗಂಡನ ತಟ್ಟೆ ಹಾಗೇ ಕೂತಿತ್ತು. ಸೊಸೆಗೆ ಥಟ್ಟನೆ ಹೊಳೆಯಿತು.

“ರೀ, ನೀವು ಉಂಡ್ರಾ?”

“ನನಗೆಲ್ಲಿಯ ಊಟ ಈಗ!”

“ಅದಕ್ಕೇ. ಕ್ಯಾಂಟೀನಲ್ಲಿ ಕೊನೆಯವನು ಉಂಡು ಎದ್ದ ಮೇಲೇ ಮಾವ ತಟ್ಟೆ ಮುಟ್ತಿದ್ದದ್ದು. ಮನೇಲೂ ಹಾಗೇ. ನಾವೀಗ ಎಲ್ಲರಿಗಿಂತ ಮೊದಲು ಅವರ ಬಾಯಿಗೇ ತುರುಕ್ತಿದೀವಿ.”

“ಹೌದಾ ಯಜಮಾನ್ರೇ?” ನರ್ಸಕ್ಕ ಕೇಳಿದರು. ಕೈ ಬಲವಾಗಿ ಒತ್ತಿತು.

ಗಂಡ ತಟ್ಟೆ ಎಳೆದುಕೊಂಡ. ತಂದೆಯ ಕಣ್ಣೆದುರು ತುತ್ತು ತುತ್ತಾಗಿ ನುಂಗಿದ. ಖಾಲಿ ತಟ್ಟೆ ಎತ್ತಿ ತೋರಿಸಿದ. ಮಾವನ ನೋಟ ಸೊಸೆಯತ್ತ ತಿರುಗಿತು.

“ನನ್ನನ್ನೂ ಬಿಡಲ್ಲ ಇವರು!” ಅವಳು ಅಳುತ್ತಲೇ ನಕ್ಕು, ತಾನೂ ಉಂಡಳು.

ಆಗ ಸೌಟಪ್ಪ ಬಾಯಿ ತೆರೆದರು.

ಅರ್ಧ ಚಮಚ. ಗಂಟಲ ಗಂಟು ಮೇಲೇರಿತು, ನಿಂತಿತು, ಇಳಿಯಿತು. ಕೆಮ್ಮು ಬರಲಿಲ್ಲ.

ಮರುದಿನ ಎಲ್ಲರೂ ಮಂಚದ ಸುತ್ತ ಸೇರಿದರು. ಡಾಕ್ಟರು ಮಾತು ಶುರುಮಾಡುವ ಮೊದಲೇ ಗಂಡ ತಂದೆಯ ಕೈ ಹಿಡಿದು ಕೂತ. “ಡಾಕ್ಟ್ರೇ, ಏನು ಮಾಡೋದಿದ್ರೂ ಮೊದಲು ಅಪ್ಪನ್ನ ಕೇಳಿ.”

ನಿಮ್ಮ ಮನೆಯಲ್ಲೂ ಹೀಗೆ ಹಾಸಿಗೆ ಹಿಡಿದವರು ಇರಬಹುದು. ಅವರು ಉಣ್ಣದಿದ್ದರೆ, ಕೆಮ್ಮಿದರೆ, ಬಲವಂತ ಮಾಡಬೇಡಿ, ಮಲಗಿಸಿ ಉಣಿಸಬೇಡಿ. ಬೇಗ ಆರೋಗ್ಯ ಕಾರ್ಯಕರ್ತೆಗೆ ತಿಳಿಸಿ. ನೋಡುವ ಡಾಕ್ಟರು, ನರ್ಸು, ಥೆರಪಿಸ್ಟು ಒಬ್ಬರೊಡನೊಬ್ಬರು ಮಾತಾಡುವಂತೆ ಮಾಡಿ. ಕೆಲವರಿಗೆ ನಳಿಗೆಯೇ ಬೇಕಾಗಬಹುದು, ಅದು ತಪ್ಪಲ್ಲ. ಆದರೆ ಕೇಳದೆ ಏನನ್ನೂ ಮಾಡಬೇಡಿ. ಇವತ್ತೇ ಅವರ ಪಕ್ಕ ಕೂತು ಕೈ ಹಿಡಿಯಿರಿ. ಕೇಳಿ. ಉತ್ತರ ಬರುವವರೆಗೆ ಕಾಯಿರಿ.