ನಕಾಶೆಗೆ ಬಂದ ದಾರಿ

ಭಾನುವಾರ ಸೋಲಾಪುರದ ಕಾಲೇಜೊಂದರಲ್ಲಿ ನಕಾಶೆ ಹುಚ್ಚಿನವರ ಕೂಟ. ದೊಡ್ಡ ಕಂಪನಿಗಳು ಬಿಟ್ಟ ಊರು, ಬಾವಿ, ಗುಡಿಗಳನ್ನು ತಾವೇ ಗುರುತಿಸಿ ಜಗತ್ತಿಗೆ ಪುಕ್ಕಟೆ ಕೊಡುವ ಹುಡುಗರು. ಅಲ್ಲಿಗೆ ಶುಭಾಂಗಿ ತನ್ನ ಅಜ್ಜಿ ಸೋಮವ್ವನನ್ನು ಬೋರಾಮಣಿಯಿಂದ ಕರೆತಂದಿದ್ದಳು. ಅವರ ಮಾಳದಲ್ಲಿ ಗೋದಾಮು ಕಟ್ಟಲು ಬಂದವರು "ಇಲ್ಲಿ ದಾರಿಯೇ ಇಲ್ಲ, ನಕಾಶೆ ನೋಡಿ" ಎಂದಿದ್ದರು. ಸೋಮವ್ವನ ಕುರಿಗಳು ಬೀರೋಬನ ಗುಡಿ ದಾಟಿ ಹುಲ್ಲಿಗೆ ಹೋಗಲು ಇದ್ದ ದಾರಿ ಅದೊಂದೇ.

ಕೂಟ ನಡೆಸುವ ಆಕಾಶ ಲ್ಯಾಪ್‌ಟಾಪ್ ತಿರುಗಿಸಿದ. ಉಪಗ್ರಹ ತೆಗೆದ ಚಿತ್ರದಲ್ಲಿ ದಾರಿ ಬಿಳಿ ಗೆರೆಯಂತೆ ಕಂಡಿತು.

"ಎಷ್ಟ್ ಅಗಲ ಅದ ಅಜ್ಜಿ?"

"ಮುನ್ನೂರು ಕುರಿ ಒಮ್ಮಿಗೇ ಹೊಂಟ್ರ ಎಷ್ಟ್ ಬೇಕೋ ಅಷ್ಟ್. ನಿಮ್ಮ ಪ್ಯಾಟಿ ರಸ್ತಾಕ ಅಷ್ಟ್ ಅಗಲ ಎಲ್ಲೈತಿ ತಗೋ."

ಎಲ್ಲರೂ ನಕ್ಕರು.

"ಕಾಲುದಾರಿ ಅಂತ ಹಾಕಿದ್ರ ಸಣ್ಣಾಗಿ ಕಾಣ್ತದ," ಎಂದ ಆಕಾಶ. "ರಸ್ತಾ ಅಂತನ ಹಾಕೂಣು."

"ಹಾಕಪಾ, ದಪ್ಪಗ ಹಾಕು. ಆ ಗೋದಾಮಿನವರ ಕಣ್ಣಿಗಿ ಚುಚ್ಚಬೇಕು."

ಚಪ್ಪಾಳೆ ಬಿತ್ತು. ಸೋಮವ್ವನನ್ನು ನಡುವೆ ನಿಲ್ಲಿಸಿ ಫೋಟೊ ತೆಗೆದರು. ಗೋದಾಮಿನವರು ನಿಜಕ್ಕೂ ಬೇರೆ ಜಾಗ ಹುಡುಕಿಕೊಂಡರು.

ಆಮೇಲೆ ಲಾರಿಗಳು ಬಂದವು. ಅಕ್ಕಲಕೋಟ ರಸ್ತೆಯ ಕೈಗಾರಿಕಾ ಪ್ರದೇಶದಿಂದ ಹೈದರಾಬಾದ್ ಹೆದ್ದಾರಿಗೆ ಇದೇ ಹತ್ತಿರದ ದಾರಿ ಎಂದು ಆ ನಕಾಶೆ ಬಳಸುವ ಚಾಲಕರ ಫೋನುಗಳು ಹೇಳತೊಡಗಿದ್ದವು. ಒಂದು ಬೆಳಗ್ಗೆ ಚಾದರ ಹೇರಿದ ಲಾರಿ ಹಿಂಡಿನೊಳಗೇ ನುಗ್ಗಿತು. ಮುಂದಿದ್ದ ಟಗರು, ಅದರ ಬೆನ್ನಿಗಿದ್ದ ಗಬ್ಬದ ಕುರಿಗಳು ಗಾಲಿಗೆ ಸಿಕ್ಕವು.

ಚಾಲಕ ಇಳಿದು ಫೋನು ತೋರಿಸಿದ. "ನೋಡ ಮಾವಶಿ, ಇದು ರಸ್ತಾ. ರಸ್ತಾದಾಗ ಯಾರರ ಕುರಿ ಬಿಡ್ತಾರೇನು?"

ಸೋಮವ್ವ ಆ ದಪ್ಪ ಗೆರೆಯನ್ನು ಗುರುತು ಹಿಡಿದಳು. ತಾನೇ ಕೇಳಿ ಹಾಕಿಸಿದ್ದು.

ಶುಭಾಂಗಿ ಅಲ್ಲಿಂದಲೇ ಆಕಾಶನಿಗೆ ಫೋನು ಹಚ್ಚಿದಳು. "ದಿನಾ ಲಾರಿ ಬರ್ತಾವ್ರಿ, ಇವತ್ತ ಕುರಿ ಸತ್ತಾವ. ಆ ರಸ್ತಾ ತಗೀರಿ ಸರ್. ಈಗಿಂದೀಗ ತಗೀರಿ."

"ಹಂಗ ತಗೀಲಿಕ್ಕಿ ಬರಂಗಿಲ್ಲ ಶುಭಾಂಗಿ. ನೆಲದ ಮ್ಯಾಲ ಏನದನೋ ಅದನ್ನ ತೋರ್ಸೂದು ನಮ್ಮ ನಿಯಮ. ದಿನಾ ಲಾರಿ ಓಡ್ತಾವಂದ್ರ ಅದು ರಸ್ತಾನೇ ಆತಲ್ಲ."

"ಇಷ್ಟ್ ವರ್ಷ ಕುರಿ ಓಡ್ಯಾವಲ್ರಿ?"

"ಕುರಿ ಬಳಿ ಫೋನ್ ಇರಂಗಿಲ್ಲಲ್ಲ," ಎಂದು ಅವನು ನಕ್ಕ. ಮರುಕ್ಷಣವೇ ದನಿ ತಗ್ಗಿಸಿ, "ಸಾರಿ. ಮುಂದಿನ ಕೂಟಕ್ಕ ಬಾ, ಎಲ್ಲಾರೂ ಕೂತು ಚರ್ಚಾ ಮಾಡೂಣು," ಎಂದ. ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಬೈದಾದರೂ ಹಗುರಾಗಬಹುದಿತ್ತು. ಸತ್ತ ಕುರಿಗಳ ಮೇಲೂ ಒಂದು ಚರ್ಚೆ ಇಟ್ಟುಕೊಳ್ಳಬಲ್ಲ ಒಳ್ಳೆಯವರಿಗೆ ಏನು ಹೇಳುವುದು?

ಮಾತು ಮುಗಿಯುವವರೆಗೆ ಸೋಮವ್ವ ಕಾಯಲಿಲ್ಲ. ಕೊಡಲಿ ತಂದು ಜಾಲಿ ಕಡಿಯತೊಡಗಿದಳು. ಸಂಜೆಯೊಳಗೆ ದಾರಿಯ ಒಂದು ಬಾಯಿಗೆ ಎದೆಯೆತ್ತರ ಮುಳ್ಳು ಬಿತ್ತು. ಇನ್ನೊಂದು ಬಾಯಿಗೂ ಟೊಂಗೆ ಎಳೆಯುವಾಗ ಶುಭಾಂಗಿ ನಿಂತಳು.

"ಆಯೀ, ನಾಳಿ ಕುರಿ ಎಲ್ಲಿಂದ ಹೊಡಿಯೂದು?"

"ಹೊಡಿಯಂಗಿಲ್ಲ. ಉಳಿದ ಕುರಿ ಎಲ್ಲಾ ಮಂಗಳವಾರ ಬಾಜಾರಕ್ಕ ಮಾರಾಕ ಹೊಡಿಯೂದು," ಎಂದಳು ಸೋಮವ್ವ. "ನೀ ಆ ತುದಿ ಹಿಡಿ. ಕೈ ಜ್ವಾಕಿ."